ಉರಿಯ ನಡುವಿನ ಕತ್ತಲೆ

ದೀಪದ ಬುಡದಲ್ಲಿ ಕತ್ತಲೆ ಎಂಬ ಗಾದೆಯನ್ನು ನಾವೆಲ್ಲ ಬಲ್ಲೆವು. ಆದರೆ ಕತ್ತಲೆ ಇರುವುದು ಬುಡದಲ್ಲಿ ಮಾತ್ರವಲ್ಲ, ಉರಿಯ ನಟ್ಟನಡುವೆಯೂ ಇದೆ ಎಂಬುದನ್ನು ಗಮನಿಸಿದವರು ಕಡಿಮೆ. ಗಾಳಿಯಿಲ್ಲದ ಕೋಣೆಯಲ್ಲಿ ಒಂದು ಮೇಣದಬತ್ತಿಯನ್ನು ಹಚ್ಚಿ, ಅದರ ಕುಡಿ ನೆಟ್ಟಗೆ ನಿಂತ ಮೇಲೆ ಹತ್ತಿರದಿಂದ ನೋಡಬೇಕು. ಹೊರಗೆ ಹೊಳೆಯುವ ಹಳದಿ, ಬುಡದಲ್ಲಿ ತೆಳುವಾದ ನೀಲಿ, ಬತ್ತಿಯ ಸುತ್ತ ಮಂಕು ಕವಿದಂಥ ಒಂದು ಕಪ್ಪು ತಾವು. ಬೆಳಕಿನ ಮೂಲವೆಂದು ನಾವು ಯಾವುದನ್ನು ಕರೆಯುತ್ತೇವೆಯೋ ಅದರ ಹೊಟ್ಟೆಯಲ್ಲೇ ಬೆಳಕಿಲ್ಲ.

ಏಕೆ ಎಂದು ಕೇಳಿದರೆ ಉತ್ತರಿಸಲು ದೊಡ್ಡ ಪ್ರಯೋಗಾಲಯ ಬೇಕಿಲ್ಲ, ಕನ್ನಡದಲ್ಲಿ ಇಲ್ಲದ ಮಾತುಗಳೂ ಬೇಕಿಲ್ಲ. ಹೊರನಾಡಿನ ಕನ್ನಡ ಬಳಗಗಳು ಕವಿಗೋಷ್ಠಿ, ದಾಸವಾಣಿ, ಯಕ್ಷಗಾನ, ರಾಜ್ಯೋತ್ಸವಗಳ ಜೊತೆಗೆ ಇಂಥ ಪ್ರಶ್ನೆಗಳಿಗೂ ತಮ್ಮ ವೇದಿಕೆಯಲ್ಲಿ ಸ್ಥಾನ ಕೊಡಬೇಕು ಎಂಬುದು ಈ ಬರಹದ ನಿಲುವು. ಅದನ್ನು ಸಮರ್ಥಿಸಲು ಮೇಣದಬತ್ತಿಯೊಂದೇ ಸಾಕೆಂದು ನಾವು ನಂಬಿದ್ದೇವೆ.

ಈ ನಂಬಿಕೆಗೆ ದೊಡ್ಡದೊಂದು ಪೂರ್ವನಿದರ್ಶನವಿದೆ. ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ ಎಂಬ ಸಂಸ್ಥೆಯಲ್ಲಿ 1825ರಿಂದ ಕ್ರಿಸ್‌ಮಸ್ ರಜೆಯ ಕಾಲಕ್ಕೆ ಎಳೆಯರಿಗಾಗಿ ಉಪನ್ಯಾಸಮಾಲೆಗಳು ನಡೆದುಬಂದಿವೆ. ಮೈಕೆಲ್ ಫ್ಯಾರಡೆ 1848ರಲ್ಲಿ ಒಮ್ಮೆ, ಮತ್ತೆ 1860ರ ಕೊನೆಗೆ ತಮ್ಮ ಅರವತ್ತೊಂಬತ್ತನೆಯ ವಯಸ್ಸಿನಲ್ಲಿ, ಈ ವೇದಿಕೆಗೆ ಆರಿಸಿಕೊಂಡ ವಿಷಯ ಮೇಣದಬತ್ತಿ. ಎರಡನೆಯ ಬಾರಿಯ ಆರು ಉಪನ್ಯಾಸಗಳನ್ನು ವಿಲಿಯಂ ಕ್ರೂಕ್ಸ್ ಸಂಪಾದಿಸಿ 1861ರಲ್ಲಿ ಪ್ರಕಟಿಸಿದರು. ವಿದ್ಯುತ್ತಿನ ಮೋಟಾರಿಗೂ ಡೈನಮೋವಿಗೂ ತಳಪಾಯ ಹಾಕಿದ ಮನುಷ್ಯ, ಮಕ್ಕಳೆದುರು ನಿಂತಾಗ ತನ್ನ ಸಾಧನೆಯ ಯಂತ್ರಗಳನ್ನು ಮುಂದಿಡದೆ, ಎಲ್ಲರ ಮನೆಯಲ್ಲೂ ಇದ್ದ ಬತ್ತಿಯನ್ನು ಕೈಗೆತ್ತಿಕೊಂಡರು. ಫ್ಯಾರಡೆ ಕಮ್ಮಾರನ ಮಗ. ಪುಸ್ತಕ ಕಟ್ಟುವವರ ಅಂಗಡಿಯಲ್ಲಿ ಕೆಲಸ ಕಲಿಯುತ್ತ, ಕಟ್ಟಲು ಬಂದ ಪುಸ್ತಕಗಳನ್ನೇ ಓದಿ ಬೆಳೆದವರು. ಉನ್ನತ ಗಣಿತದ ಭಾಷೆ ಅವರಿಗೆ ಒಲಿದಿರಲಿಲ್ಲ. ಬಹುಶಃ ಅದರಿಂದಲೇ, ಕಣ್ಣಿಗೆ ಕಂಡದ್ದನ್ನು ಎಲ್ಲರಿಗೂ ತಿಳಿಯುವ ಮಾತಿನಲ್ಲಿ ಹೇಳುವುದು ಅವರಿಗೆ ಒಂದು ಶಿಸ್ತಾಗಿತ್ತು.

ಅವರು ಹಿಡಿದ ದಾರಿಯಲ್ಲೇ, ನಮ್ಮ ಅಡುಗೆಮನೆ ಮತ್ತು ದೇವರಮನೆಗಳ ಮಾತಿನಲ್ಲಿ, ಉರಿಯ ಬಳಿಗೆ ಹೋಗೋಣ.

ಮೇಣದಬತ್ತಿ ಎಂಬ ಹೆಸರಿನಲ್ಲೇ ಅದರ ರಚನೆಯಿದೆ: ಮೇಣ ಉರುವಲು, ಬತ್ತಿ ಅದನ್ನು ಮೇಲೆತ್ತುವ ಸಾಧನ. ಹಣತೆಯಲ್ಲಿ ಎಣ್ಣೆ ಮೊದಲೇ ದ್ರವವಾಗಿದೆ. ಇಲ್ಲಿ ಉರಿಯೇ ತನಗೆ ಬೇಕಾದಷ್ಟು ಮೇಣವನ್ನು ಕರಗಿಸಿಕೊಳ್ಳುತ್ತದೆ. ಕರಗಿದ ಮೇಣ ಸುರಿದುಹೋಗದೆ ಬಟ್ಟಲಿನಂಥ ಕುಳಿಯಲ್ಲಿ ನಿಲ್ಲುವುದನ್ನು ನೋಡಿದ್ದೇವೆ. ಆ ಬಟ್ಟಲನ್ನು ಕಟ್ಟಿದವರು ಯಾರು? ಉರಿಯ ಬಿಸಿಗೆ ಗಾಳಿ ಮೇಲೇರುತ್ತದೆ. ಆ ಜಾಗಕ್ಕೆ ಸುತ್ತಲಿನ ತಣ್ಣನೆಯ ಗಾಳಿ ಬತ್ತಿಯ ಮೈಯನ್ನು ಸವರುತ್ತ ನುಗ್ಗುತ್ತದೆ. ಆ ತಂಪಿಗೆ ಅಂಚು ಗಟ್ಟಿಯಾಗಿ ಉಳಿದು ನಡುಭಾಗ ಮಾತ್ರ ಕರಗುತ್ತದೆ. ಕಿಟಕಿಯ ಗಾಳಿ ಒಂದು ಕಡೆಯಿಂದ ಬೀಸಿದರೆ ಉರಿ ವಾಲಿ, ಅಂಚು ಒಡೆದು, ಮೇಣ ಧಾರೆಯಾಗಿ ಇಳಿಯುತ್ತದೆ.

ಕುಳಿಯ ಮೇಣ ಬತ್ತಿಯನ್ನು ಏರುವ ಬಗೆಯನ್ನು ಪಠ್ಯಪುಸ್ತಕಗಳು ಕೇಶಾಕರ್ಷಣೆ ಎನ್ನುತ್ತವೆ. ಹೆಸರು ಕೇಳಿ ಅಂಜಬೇಕಾಗಿಲ್ಲ. ಮುಂಬಯಿಯ ಮಳೆಗಾಲದಲ್ಲಿ ರಸ್ತೆಯ ನೀರಿಗೆ ಪಂಚೆಯ ಅಂಚು ತಾಗಿದರೆ ಮೊಣಕಾಲಿನವರೆಗೆ ತೇವವಾಗುವುದೂ ಇದೇ ಕ್ರಿಯೆ. ನೂಲಿನ ಎಳೆಗಳ ನಡುವಣ ಸಣ್ಣ ಸಂದುಗಳಲ್ಲಿ ದ್ರವ ತನ್ನಿಂದ ತಾನೇ ಮೇಲೇರುತ್ತದೆ. ಬತ್ತಿಯ ತುದಿಯೂ ಸುಟ್ಟು ಮುಗಿಯದಿದ್ದರೆ ಕರಿಗಟ್ಟಿ ಉರಿ ಹೊಗೆಯಾಡುತ್ತದೆ. ಅದಕ್ಕಾಗಿ ಹಿಂದೆ ಯೂರೋಪಿನಲ್ಲಿ ಆಗಾಗ ಬತ್ತಿಯನ್ನು ಕತ್ತರಿಸಬೇಕಾಗುತ್ತಿತ್ತು. ನಮ್ಮ ಮನೆಗಳಲ್ಲೂ ದೀಪದ ಕರಿ ತೆಗೆಯುವ ರೂಢಿ ಇದ್ದೇ ಇದೆ. 19ನೆಯ ಶತಮಾನದ ಮೊದಲ ದಶಕಗಳಲ್ಲಿ ಫ್ರಾನ್ಸಿನಲ್ಲಿ ಜಡೆಯಂತೆ ಹೆಣೆದ ಬತ್ತಿ ಬಂದಮೇಲೆ, ಅದು ಉರಿಯುತ್ತ ಬಾಗಿ, ತುದಿಯನ್ನು ಉರಿಯ ಬಿಸಿಯಾದ ಅಂಚಿಗೆ ಚಾಚಿ, ಅಲ್ಲೇ ಬೂದಿಯಾಗತೊಡಗಿತು. ಜಡೆ ಹೆಣೆಯುವಷ್ಟು ಸರಳವಾದ ಒಂದು ಉಪಾಯ ಒಂದು ನಿತ್ಯದ ಚಾಕರಿಯನ್ನೇ ಇಲ್ಲವಾಗಿಸಿತು.

ಬತ್ತಿಯ ತುದಿ ತಲುಪಿದ ಮೇಣ ದ್ರವವಾಗಿಯೇ ಉರಿಯುವುದಿಲ್ಲ. ಅದು ಆವಿಯಾಗುತ್ತದೆ, ಉರಿಯುವುದು ಆ ಆವಿ. ಉರಿಯ ನಡುವೆ ನಾವು ಕಂಡ ಕಪ್ಪು ತಾವು ಇದೇ: ಅಲ್ಲಿ ಮೇಣದ ಆವಿ ತುಂಬಿದೆ, ಆದರೆ ಉರಿಯಲು ಬೇಕಾದ ಗಾಳಿ ಅಲ್ಲಿಗೆ ತಲುಪಿಲ್ಲ. ಫ್ಯಾರಡೆ ಆ ಕಪ್ಪಿನೊಳಗೆ ಬಾಗಿದ ಗಾಜಿನ ಕೊಳವೆಯ ತುದಿಯನ್ನಿಟ್ಟು, ಆವಿಯನ್ನು ಹೊರಗೆ ಹರಿಸಿ, ಇನ್ನೊಂದು ತುದಿಯಲ್ಲಿ ಹೊತ್ತಿಸಿ ತೋರಿಸಿದರು. ಅಷ್ಟು ಸಲಕರಣೆ ಇಲ್ಲದವರೂ ಇದನ್ನು ಪರೀಕ್ಷಿಸಬಹುದು. ಬತ್ತಿಯನ್ನು ಮೆಲ್ಲನೆ ಊದಿ ಆರಿಸಿದೊಡನೆ ಏಳುವ ಬಿಳಿಯ ಹೊಗೆ, ಆವಿ ತಣಿದು ಆದ ಮೇಣದ ಸಣ್ಣ ಹನಿಗಳು. ಆ ಹೊಗೆಗೆ ಒಂದೆರಡು ಬೆರಳಗಲ ಮೇಲಿನಿಂದಲೇ ಕಡ್ಡಿಯ ಉರಿ ಸೋಕಿಸಿದರೆ, ಬೆಂಕಿ ಹೊಗೆಯ ದಾರಿ ಹಿಡಿದು ಇಳಿದು ಬತ್ತಿಯನ್ನು ಮತ್ತೆ ಹೊತ್ತಿಸುತ್ತದೆ. ಮಕ್ಕಳು ಇದನ್ನು ಇಂದ್ರಜಾಲವೆಂದು ಕಂಡು, ಆಮೇಲೆ ಕಾರಣ ಕೇಳುತ್ತಾರೆ. ಆ ಪ್ರಶ್ನೆ ಅವರ ಬಾಯಿಂದ ಯಾವ ಭಾಷೆಯಲ್ಲಿ ಹೊರಡುತ್ತದೆ ಎಂಬುದೇ ನಮ್ಮ ಚಿಂತೆ.

ಇನ್ನು ಹಳದಿ ಬೆಳಕು. ಹರಳೆಣ್ಣೆಯ ದೀಪದ ಮೇಲೆ ತಟ್ಟೆ ಮರಗಿಸಿ ಕಾಡಿಗೆ ಹಿಡಿಯುತ್ತಿದ್ದ ನಮ್ಮ ಅಜ್ಜಿಯರಿಗೆ ಇದರ ಅರ್ಧ ಉತ್ತರ ಗೊತ್ತಿತ್ತು: ಉರಿಯೊಳಗೆ ಮಸಿಯಿದೆ. ಬಿಸಿಗೆ ಮೇಣದ ಅಣುಗಳು ಒಡೆದಾಗ ಅವುಗಳಲ್ಲಿನ ಇಂಗಾಲ ಸಣ್ಣ ಕಣಗಳಾಗಿ ಬಿಡುಗಡೆಯಾಗುತ್ತದೆ. ಕುಲುಮೆಯಲ್ಲಿ ಕಾದ ಕಬ್ಬಿಣ ಹೊಳೆಯುವಂತೆ ಈ ಕಣಗಳು ಸುಮಾರು 1200 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕಾದು ಹೊಳೆಯುತ್ತವೆ. ಹೊರ ಅಂಚಿಗೆ ಬಂದು ಗಾಳಿ ಸಿಕ್ಕಿದಾಗ ಸುಟ್ಟು ಕಾಣದಾಗುತ್ತವೆ. ಅವು ಸುಡುವ ಮೊದಲೇ ತಣ್ಣನೆಯ ತಟ್ಟೆ ಅಡ್ಡ ಬಂದರೆ ಕಾಡಿಗೆ. ಬಿಸಿಲಿನಲ್ಲಿ ಮೇಣದಬತ್ತಿಯನ್ನು ಹಚ್ಚಿ ಹಿಂದೊಂದು ಬಿಳಿಯ ಕಾಗದ ಹಿಡಿದರೆ, ಉರಿಯ ಅತಿ ಹೆಚ್ಚು ಹೊಳೆಯುವ ಭಾಗವೇ ನೆರಳು ಬೀಳಿಸುವುದು ಕಾಣುತ್ತದೆ. ಬೆಳಕಿಗೂ ನೆರಳುಂಟು, ಏಕೆಂದರೆ ಆ ಬೆಳಕು ಕಾದ ಮಸಿಯದು. ಗ್ಯಾಸ್ ಒಲೆಯ ಉರಿ ನೀಲಿಯಾಗಿರುವುದು, ಅಲ್ಲಿ ಅನಿಲಕ್ಕೆ ಗಾಳಿ ಮೊದಲೇ ಬೆರೆತು ಮಸಿ ಹುಟ್ಟಲು ಎಡೆಯಿಲ್ಲದಿರುವುದರಿಂದ. ಒಲೆಯ ತೂತುಗಳು ಕಟ್ಟಿಕೊಂಡು ಉರಿ ಹಳದಿಗೆ ತಿರುಗಿದ ದಿನ ಪಾತ್ರೆಯ ತಳ ಕಪ್ಪಾಗುವುದನ್ನು ಯಾವ ಗೃಹಿಣಿಗೂ ಹೇಳಿಕೊಡಬೇಕಾಗಿಲ್ಲ. ಆಕೆ ಕಂಡದ್ದನ್ನೇ ವಿಜ್ಞಾನ ಎನ್ನಲು ನಾವು ಹಿಂಜರಿಯುತ್ತೇವೆ, ಅಷ್ಟೆ.

ಉರಿದುಹೋದ ಮೇಣ ಎಲ್ಲಿಗೆ ಹೋಯಿತು? ತಣ್ಣನೆಯ ಚಮಚವನ್ನು ಉರಿಯ ಮೇಲೆ ತುಸು ಎತ್ತರದಲ್ಲಿ ಒಂದು ಗಳಿಗೆ ಹಿಡಿದರೆ ಮಂಜು ಕವಿಯುತ್ತದೆ: ಅದು ನೀರು. ಮೇಲೆ ಬೋರಲಾಗಿ ಹಿಡಿದ ಲೋಟದಲ್ಲಿ ಗಾಳಿಯನ್ನು ಸಂಗ್ರಹಿಸಿ, ವೀಳ್ಯದ ಸುಣ್ಣವನ್ನು ನೀರಿಗೆ ಕದಡಿ ತೆಗೆದ ತಿಳಿಯನ್ನು ಹಾಕಿ ಕುಲುಕಿದರೆ ಅದು ಹಾಲಿನಂತೆ ಬಿಳುಪಾಗುತ್ತದೆ: ಅದು ಇಂಗಾಲದ ಡೈಆಕ್ಸೈಡ್. ಪ್ಯಾರಾಫಿನ್ ಮೇಣದಲ್ಲಿ ಹಲವು ಬಗೆಯ ಅಣುಗಳಿವೆ. 25 ಇಂಗಾಲ, 52 ಜಲಜನಕ ಪರಮಾಣುಗಳಿರುವ ಒಂದನ್ನು ಮಾದರಿಯಾಗಿ ಹಿಡಿದು ಲೆಕ್ಕ ಹಾಕಿದರೆ, 10 ಗ್ರಾಂ ಮೇಣ ಸುಮಾರು 35 ಗ್ರಾಂ ಆಮ್ಲಜನಕವನ್ನು ಎಳೆದುಕೊಂಡು, 31 ಗ್ರಾಂ ಇಂಗಾಲದ ಡೈಆಕ್ಸೈಡನ್ನೂ 13 ಗ್ರಾಂ ನೀರನ್ನೂ ಕೊಡುತ್ತದೆ. ಮೇಣದಬತ್ತಿ ಉರಿದು ಹುಟ್ಟುವ ನೀರು ಅದರ ತೂಕಕ್ಕಿಂತ ಹೆಚ್ಚು! ನಾಶವೆಂದು ನಾವು ಕರೆಯುವುದು ರೂಪಾಂತರ ಮಾತ್ರ. ಸುಣ್ಣದ ತಿಳಿಗೆ ಕೊಳವೆಯಿಂದ ನಮ್ಮ ಉಸಿರನ್ನೇ ಊದಿದರೂ ಅದು ಹಾಗೆಯೇ ಬಿಳುಪಾಗುತ್ತದೆ. ಫ್ಯಾರಡೆ ತಮ್ಮ ಕೊನೆಯ ಉಪನ್ಯಾಸವನ್ನು ಕೊಂಡೊಯ್ದು ನಿಲ್ಲಿಸಿದ್ದು ಇಲ್ಲಿಗೇ: ಉಸಿರಾಟವೂ ಒಂದು ಬಗೆಯ ಮಂದ ದಹನ.

ಇಷ್ಟನ್ನು ಹೇಳಲು ನಾವು ಬಳಸಿದ ಮಾತುಗಳನ್ನು ಓದುಗರು ಹಿಂದಿರುಗಿ ನೋಡಬೇಕೆಂದು ಕೋರುತ್ತೇವೆ. ಬತ್ತಿ, ಕುಡಿ, ಕರಿ, ಮಸಿ, ಕಾಡಿಗೆ, ಆವಿ, ತಿಳಿ: ಇವು ಯಾವ ಪಾರಿಭಾಷಿಕ ಕೋಶದಿಂದಲೂ ತಂದವಲ್ಲ. ಡೈಆಕ್ಸೈಡ್, ಪ್ಯಾರಾಫಿನ್ ಮುಂತಾದವು ಬೇಕಾದಲ್ಲಿ ಬಂದು ಕುಳಿತಿವೆ. ಅವುಗಳಿಂದ ಕನ್ನಡಕ್ಕೆ ಮೈಲಿಗೆಯಾಗಲಿಲ್ಲ. ಕನ್ನಡದಲ್ಲಿ ವಿಜ್ಞಾನ ಹೇಳಲು ಪದಗಳಿಲ್ಲ ಎಂಬ ದೂರು ಹಲವು ವೇಳೆ, ಹೇಳುವವನು ವಸ್ತುವನ್ನು ಕಣ್ಣಾರೆ ನೋಡಿಲ್ಲ ಎಂಬುದಕ್ಕೆ ಮುಸುಕಾಗಿರುತ್ತದೆ. ನೋಡಿದವನಿಗೆ ಮಾತು ಸಿಗುತ್ತದೆ.

ಸಿಕ್ಕ ಮಾತುಗಳನ್ನು ಪರೀಕ್ಷಿಸುವುದೂ ಒಂದು ಸಾಹಿತ್ಯಕರ್ಮವೇ. ಇಂಗಾಲ ಎಂಬ ಹೆಸರಿಗೆ ಕೆಂಡವೆಂಬ ಅರ್ಥದ ಇಂಗಳದ ನೆಂಟಸ್ತಿಕೆಯಿದೆ. ಹೆಸರೇ ಬೆಂಕಿಯಿಂದ ಬಂದದ್ದು. ಜಲಜನಕ, ಅಂದರೆ ನೀರನ್ನು ಹುಟ್ಟಿಸುವುದು, ಎಂಬ ಹೆಸರನ್ನು ಚಮಚದ ಮೇಲಿನ ಮಂಜು ಸಾಕ್ಷಿ ನುಡಿದು ಒಪ್ಪುತ್ತದೆ. ಆದರೆ ಆಮ್ಲಜನಕ? ಆಮ್ಲಗಳಿಗೆಲ್ಲ ಈ ಅನಿಲವೇ ಮೂಲವೆಂದು ಲವಾಸಿಯೆ ಭಾವಿಸಿ ಇಟ್ಟ ಹೆಸರಿನ ನೇರ ಅನುವಾದ ಅದು. ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಮ್ಲಜನಕವೇ ಇಲ್ಲವೆಂಬುದನ್ನು ಫ್ಯಾರಡೆಯವರ ಗುರು ಹಂಫ್ರಿ ಡೇವಿ 1810ರ ಹೊತ್ತಿಗೇ ತೋರಿಸಿಕೊಟ್ಟಿದ್ದರು. ಹೆಸರು ಮಾತ್ರ ಉಳಿಯಿತು. ಎರಡು ಶತಮಾನಗಳ ಹಿಂದೆಯೇ ಬಿದ್ದುಹೋದ ಒಂದು ಸಿದ್ಧಾಂತ ಇಂದಿಗೂ ನಮ್ಮ ನಾಲಿಗೆಯ ಮೇಲಿದೆ. ಹೆಸರನ್ನು ಬದಲಾಯಿಸಬೇಕೆಂದು ನಾವು ಹೇಳುತ್ತಿಲ್ಲ. ಒಂದು ಪದದ ಒಡಲಲ್ಲಿ ಇಷ್ಟು ಇತಿಹಾಸ ಅಡಗಿದೆಯೆಂಬುದು ಆ ಭಾಷೆಯಲ್ಲಿ ವಿಜ್ಞಾನವನ್ನು ಮಾತಾಡಿದವರಿಗಷ್ಟೇ ತಿಳಿಯುತ್ತದೆ ಎನ್ನುತ್ತೇವೆ.

ಸಾಹಿತಿಗಳ ಕೂಟಕ್ಕೆ ಇಲ್ಲೇನು ಕೆಲಸ ಎಂದು ಕೆಲವರು ಕೇಳಿಯಾರು. ಫ್ಯಾರಡೆ ತಮ್ಮ ವಿದ್ಯುದ್ರಸಾಯನದ ಸಂಶೋಧನೆಗೆ ಹೊಸ ಪದಗಳು ಬೇಕಾದಾಗ, 1834ರಲ್ಲಿ, ಕೇಂಬ್ರಿಜ್‌ನ ವಿದ್ವಾಂಸ ವಿಲಿಯಂ ಹ್ಯೂಯೆಲ್ ಅವರ ಸಲಹೆ ಕೇಳಿದರು. ಆನೋಡ್, ಕ್ಯಾಥೋಡ್, ಅಯಾನ್ ಮುಂತಾದ ಪದಗಳು ಆ ಪತ್ರವ್ಯವಹಾರದಿಂದ ಮೂಡಿದವು. ಪ್ರಯೋಗ ಬಲ್ಲವನು ಗ್ರೀಕ್ ಬಲ್ಲವನ ಬಾಗಿಲು ತಟ್ಟಿದ. ನಮ್ಮಲ್ಲೂ ಅಂಥ ಪರಂಪರೆ ಇಲ್ಲದಿಲ್ಲ. 1918ರಲ್ಲಿ ಆರಂಭವಾದ ‘ವಿಜ್ಞಾನ’ ಮಾಸಪತ್ರಿಕೆಯ ಹಿಂದಿದ್ದ ಬೆಳ್ಳಾವೆ ವೆಂಕಟನಾರಣಪ್ಪನವರು ಭೌತವಿಜ್ಞಾನದ ಅಧ್ಯಾಪಕರು. ಪಂಪಭಾರತದ ಸಂಪಾದನೆಯಲ್ಲಿ ದುಡಿದವರೂ ಅವರೇ. ಕಾರಂತರು ‘ಬಾಲಪ್ರಪಂಚ’ವನ್ನೂ ‘ವಿಜ್ಞಾನ ಪ್ರಪಂಚ’ವನ್ನೂ ಬರೆದದ್ದು ಕಾದಂಬರಿಯಿಂದ ಬಿಡುವು ಸಿಕ್ಕಿತೆಂದಲ್ಲ. ಹೊರನಾಡಿನವರಾದ ನಮಗೆ ಇನ್ನೂ ಹತ್ತಿರದವರು ಬಿ.ಜಿ.ಎಲ್. ಸ್ವಾಮಿ. ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಸಸ್ಯವಿಜ್ಞಾನ ಕಲಿಸುತ್ತ, ಸಂಶೋಧನೆಗಳನ್ನು ಇಂಗ್ಲಿಷಿನಲ್ಲಿ ಪ್ರಕಟಿಸುತ್ತ, ತಮ್ಮ ನಗೆಯನ್ನೂ ಗಿಡಮರಗಳ ಮೇಲಿನ ಪ್ರೀತಿಯನ್ನೂ ಅವರು ಕನ್ನಡಕ್ಕೆ ಕೊಟ್ಟರು. ‘ಹಸುರು ಹೊನ್ನು’ ಕೃತಿಗೆ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂದಿತು. ಕನ್ನಡದ ಶ್ರೇಷ್ಠ ವಿಜ್ಞಾನ ಗದ್ಯದ ಒಂದು ಪಾಲು ಹೊರನಾಡಿನಲ್ಲಿ ನೆಲೆಸಿದ್ದವರ ಕೊಡುಗೆಯೆಂಬುದನ್ನು ನಾವು ಮರೆಯಬಾರದು.

ಮಕ್ಕಳು ಇಂಗ್ಲಿಷಿನಲ್ಲೇ ವಿಜ್ಞಾನ ಕಲಿಯುತ್ತಾರೆ, ಪರೀಕ್ಷೆ ಬರೆಯುತ್ತಾರೆ. ಕನ್ನಡದಲ್ಲಿ ಮತ್ತೊಮ್ಮೆ ಹೇಳುವುದು ವ್ಯರ್ಥ ಶ್ರಮವಲ್ಲವೇ ಎಂಬ ಆಕ್ಷೇಪ ಹೆಚ್ಚು ತೂಕದ್ದು. ಇದಕ್ಕೆ ಉತ್ತರವಾಗಿ ಶಾಲೆಯ ಒಂದು ಪ್ರಸಿದ್ಧ ಪ್ರಯೋಗವನ್ನೇ ನೋಡೋಣ. ನೀರಿರುವ ತಟ್ಟೆಯಲ್ಲಿ ಮೇಣದಬತ್ತಿ ನಿಲ್ಲಿಸಿ, ಹಚ್ಚಿ, ಮೇಲೆ ಲೋಟ ಬೋರಲು ಹಾಕಿದರೆ ಉರಿ ಆರಿ ನೀರು ಒಳಗೇರುತ್ತದೆ. ಗಾಳಿಯಲ್ಲಿ ಐದನೆಯ ಒಂದು ಪಾಲಿರುವ ಆಮ್ಲಜನಕವೆಲ್ಲ ಮುಗಿದು, ಆ ಜಾಗಕ್ಕೆ ನೀರು ಬಂದಿತೆಂಬ ವಿವರಣೆ ಎಷ್ಟೋ ಕಾಲದಿಂದ ಪಾಠವಾಗಿ ನಡೆದುಬಂದಿದೆ. ಇದು ತಪ್ಪು. ಆಮ್ಲಜನಕ ಪೂರ್ತಿ ಮುಗಿಯುವ ಬಹಳ ಮೊದಲೇ, ಅದರ ಪ್ರಮಾಣ ಸುಮಾರು ಶೇಕಡಾ 16ಕ್ಕೆ ಇಳಿದಾಗಲೇ, ಉರಿ ಆರುತ್ತದೆ. ಅದು ಪೂರ್ತಿ ಮುಗಿಯಿತೆಂದೇ ಇಟ್ಟುಕೊಂಡರೂ ಲೆಕ್ಕ ಕೂಡಿಬರುವುದಿಲ್ಲ. ನಮ್ಮ ಮಾದರಿ ಅಣುವಿನ ಪ್ರಕಾರ 38 ಪಾಲು ಆಮ್ಲಜನಕ ಹೋದರೆ 25 ಪಾಲು ಇಂಗಾಲದ ಡೈಆಕ್ಸೈಡ್ ಅದೇ ಲೋಟದಲ್ಲಿ ಹುಟ್ಟುತ್ತದೆ. ಅದು ನೀರಿನಲ್ಲಿ ಕರಗುವುದು ನಿಧಾನವಾಗಿ. ಹುಟ್ಟಿದ ನೀರಾವಿಯೆಲ್ಲ ನೀರಾಯಿತೆಂದುಕೊಂಡರೂ ಗಾಳಿ ಕುಗ್ಗಬೇಕಾದದ್ದು ಶೇಕಡಾ 7ರಷ್ಟು ಮಾತ್ರ.

ನಿಜವಾಗಿ ನಡೆಯುವುದು ಬೇರೆ. ಉರಿಯ ಬಿಸಿಗೆ ಲೋಟದೊಳಗಿನ ಗಾಳಿ ಹಿಗ್ಗಿರುತ್ತದೆ, ಕೆಲವೊಮ್ಮೆ ಗುಳ್ಳೆಗಳಾಗಿ ಹೊರಗೂ ಹೋಗುತ್ತದೆ. ಉರಿ ಆರಿದೊಡನೆ ಉಳಿದದ್ದು ತಣಿದು ಕುಗ್ಗುತ್ತದೆ, ಹೊರಗಿನ ಗಾಳಿಯ ಒತ್ತಡ ನೀರನ್ನು ಒಳಗೆ ನೂಕುತ್ತದೆ. ಉರಿಯುವಷ್ಟು ಹೊತ್ತೂ ಸುಮ್ಮನಿದ್ದ ನೀರು ಆರುತ್ತಿದ್ದಂತೆ ಒಮ್ಮೆಲೇ ಏರುವುದನ್ನು ಗಮನಿಸಿದರೆ ಸಾಕು. ಒಂದರ ಬದಲು ನಾಲ್ಕು ಬತ್ತಿ ಇಟ್ಟರೆ ನೀರು ಇನ್ನೂ ಮೇಲೇರುತ್ತದೆ. ಗಾಳಿಯಲ್ಲಿನ ಆಮ್ಲಜನಕ ಬತ್ತಿಗಳ ಎಣಿಕೆ ನೋಡಿ ಹೆಚ್ಚುವುದಿಲ್ಲವಷ್ಟೆ? ಕಣ್ಣೆದುರೇ ಇರುವ ಈ ಸಾಕ್ಷ್ಯವನ್ನು ಬಿಟ್ಟು ತಪ್ಪು ವಿವರಣೆ ತಲೆಮಾರುಗಳನ್ನು ದಾಟಿ ಬರುವುದಕ್ಕೆ ಕಾರಣ ಒಂದೇ: ಪಾಠವನ್ನು ಒಪ್ಪಿಸುತ್ತೇವೆ, ಉರಿಯನ್ನು ನೋಡುವುದಿಲ್ಲ.

ಒಪ್ಪಿಸಲು ಯಾವ ಭಾಷೆಯಾದರೂ ಆದೀತು. ಅನುಮಾನಪಡಲು, ಎದುರು ಹೇಳಲು, ‘ಅದು ಹೇಗಾಗುತ್ತದೆ, ನಾಲ್ಕು ಬತ್ತಿ ಇಟ್ಟರೆ?’ ಎಂದು ಕೇಳಲು, ಮಗುವಿಗೆ ಅಂಕ ಕೊಡದ ಹಾಗೂ ಅಂಕ ಕಳೆಯದ ಒಂದು ಜಾಗ ಬೇಕು, ಅಳುಕಿಲ್ಲದೆ ಆಡುವ ಒಂದು ಮಾತು ಬೇಕು. ಆ ಜಾಗ ನಮ್ಮ ಬಳಗಗಳಾಗಬಹುದು. ಆ ಮಾತು ಕನ್ನಡವಾಗಬಹುದು. ಶಾಲೆಯ ಇಂಗ್ಲಿಷಿಗೆ ಇದು ಪೈಪೋಟಿಯಲ್ಲ, ಅಲ್ಲಿ ಕಲಿತದ್ದಕ್ಕೆ ಒರೆಗಲ್ಲು.

ಇದರಲ್ಲಿ ಕನ್ನಡದ ಹಿತವೂ ಇದೆ. ಹೊರನಾಡಿನಲ್ಲಿ ಹುಟ್ಟಿ ಬೆಳೆದ ಮಗುವಿಗೆ ಕನ್ನಡವೆಂದರೆ ಊಟ ತಿಂಡಿಯ ಮಾತು, ಹಬ್ಬದ ಹಾಡು, ಅಜ್ಜನ ಫೋನು. ಈ ಆಪ್ತತೆ ದೊಡ್ಡದೇ. ಆದರೆ ಭಾವಕ್ಕೆ ಮಾತ್ರ ಮೀಸಲಾದ ಭಾಷೆ ಹದಿಹರೆಯ ದಾಟುವ ಹೊತ್ತಿಗೆ ಬಾಲ್ಯದ ಬಟ್ಟೆಯಂತೆ ಬಿಗಿಯಾಗುತ್ತದೆ. ಬುದ್ಧಿ ಬೆಳೆಯುವ ಕಡೆಗೆಲ್ಲ ಭಾಷೆಯೂ ಜೊತೆಗೆ ಹೋಗಬೇಕು. ಹೋಗದಿದ್ದರೆ ಮಕ್ಕಳು ಅದನ್ನು ದ್ವೇಷದಿಂದಲ್ಲ, ಕೆಲಸಕ್ಕೆ ಬಾರದ್ದೆಂದು ಮೆಲ್ಲನೆ ಕೆಳಗಿಡುತ್ತಾರೆ. ನಮ್ಮನ್ನು ಕಾಡುವುದು ಈ ಸದ್ದಿಲ್ಲದ ಕೆಳಗಿಡುವಿಕೆ.

ಮೇಣದಬತ್ತಿ ಹಳೆಯ ವಿಷಯ, ಇದರಲ್ಲಿ ಹೊಸದೇನಿದೆ ಎನ್ನುವವರೂ ಇದ್ದಾರೆ. 1992ರಲ್ಲಿ ಅಮೆರಿಕದ ಬಾಹ್ಯಾಕಾಶ ನೌಕೆಯಲ್ಲಿ, 1996ರಲ್ಲಿ ರಷ್ಯದ ಮಿರ್ ನಿಲ್ದಾಣದಲ್ಲಿ ಮೇಣದಬತ್ತಿ ಹಚ್ಚಿ ನೋಡಿದ್ದಾರೆ. ತೂಕವೆಂಬುದೇ ಅನುಭವಕ್ಕೆ ಬಾರದ ಅಲ್ಲಿ ಬಿಸಿಗಾಳಿ ಮೇಲೇರುವುದಿಲ್ಲ, ಏಕೆಂದರೆ ‘ಮೇಲೆ’ ಎಂಬುದೇ ಇಲ್ಲ. ಆದ್ದರಿಂದ ಉರಿಗೆ ನಮ್ಮ ಪರಿಚಯದ ನೀಳ ಕುಡಿಯಿಲ್ಲ. ಅದು ಮಂದವಾದ ನೀಲಿ ಗುಮ್ಮಟದಂತೆ ಬತ್ತಿಯನ್ನು ಕವಿದು ನಿಲ್ಲುತ್ತದೆ. 2011ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ವಿಶ್ವವಿದ್ಯಾಲಯದ ಸಂಶೋಧಕರು ಉರಿಯ ಒಡಲಲ್ಲಿ ಅತಿಸೂಕ್ಷ್ಮ ವಜ್ರದ ಕಣಗಳಿರುವುದನ್ನು ಕಂಡರು. ಸೆಕೆಂಡಿಗೆ ಸುಮಾರು 15 ಲಕ್ಷ ಹುಟ್ಟಿ, ಅಲ್ಲೇ ಸುಟ್ಟುಹೋಗುತ್ತವೆ ಎಂಬುದು ಅವರ ಅಂದಾಜು. ಫ್ಯಾರಡೆ ನೋಡಿ ಮುಗಿಸಿದ ಉರಿಯನ್ನು ನೂರೈವತ್ತು ವರ್ಷಗಳ ಬಳಿಕ ನೋಡಿದವರಿಗೂ ಹೊಸದು ಸಿಕ್ಕಿತು.

ಹೀಗಾಗಿ ನಮ್ಮ ಸಲಹೆ ಸರಳವಾದದ್ದು. ಪ್ರತಿಯೊಂದು ಬಳಗವೂ ಎರಡು ತಿಂಗಳಿಗೆ ಒಂದು ಸಂಜೆಯನ್ನು ಇದಕ್ಕೆ ಮೀಸಲಿಡಲಿ. ಒಂದು ಮೇಜು, ನಾಲ್ಕು ಮೇಣದಬತ್ತಿ, ಗಾಜಿನ ಲೋಟ, ಚಮಚ, ಸುಣ್ಣದ ತಿಳಿ. ಬೆಂಕಿಯ ಹತ್ತಿರ ಹಿರಿಯರೊಬ್ಬರ ಕಣ್ಣು. ಮುಖ್ಯ ಅತಿಥಿಯ ಭಾಷಣ ಬೇಡ, ಹಾರ ತುರಾಯಿ ಬೇಡ. ಮುಂಬಯಿ, ಪುಣೆ, ಚೆನ್ನೈ, ಹೈದರಾಬಾದು, ದೆಹಲಿಗಳಲ್ಲಿ ಪ್ರಯೋಗಾಲಯಗಳಲ್ಲೂ ಕಾರ್ಖಾನೆಗಳಲ್ಲೂ ಆಸ್ಪತ್ರೆಗಳಲ್ಲೂ ಜೀವಮಾನ ಕಳೆದ ಕನ್ನಡಿಗರಿದ್ದಾರೆ. ನಮ್ಮ ಸಮಾರಂಭಗಳಲ್ಲಿ ಅವರನ್ನು ಹಿಂದಿನ ಸಾಲಿನ ಪ್ರೇಕ್ಷಕರಾಗಿ ಕೂರಿಸಿದ್ದು ಸಾಕು. ತಾವು ಬಲ್ಲ ಒಂದು ವಸ್ತುವನ್ನು ಹಿಡಿದುಕೊಂಡು ಅವರು ಮುಂದೆ ಬರಲಿ. ಮಾತು ತಡವರಿಸಿದರೆ ಸಾಹಿತ್ಯ ಬಲ್ಲವರು ಪದ ಒದಗಿಸಲಿ; ಪದ ತಪ್ಪಿದರೆ ಪ್ರಯೋಗ ಬಲ್ಲವರು ತಿದ್ದಲಿ. ಕೇಳಿದ ಮಕ್ಕಳಲ್ಲಿ ಯಾರಾದರೂ ಎದ್ದು ‘ಇದು ಸರಿಯಿಲ್ಲ, ಮತ್ತೊಮ್ಮೆ ಹಚ್ಚಿ ನೋಡೋಣ’ ಎಂದು ಕನ್ನಡದಲ್ಲಿ ವಾದಕ್ಕೆ ನಿಂತರೆ, ಆ ಸಂಜೆಯ ಕಾರ್ಯಕ್ರಮ ಯಶಸ್ವಿಯಾಯಿತೆಂದು ವರದಿ ಬರೆಯಬಹುದು.